ಹುಚ್ಚುನಾಯಿ ಕಡಿತಕ್ಕೆ ಮದ್ದು ಕಂಡುಹಿಡಿದ ಲೂಯಿ ಪಾಶ್ಚರ್

ನಮ್ಮ ಗಡಿಭಾಗದಲ್ಲಿ ನಾಯಿ ಇಲ್ಲದ ಓಣಿಯಿಲ್ಲ. ಗಡಹಿಂಗ್ಲಜದ ಸುತ್ತಲಿನ ಹಳ್ಳಿಗಳಲ್ಲಿ ಹೊಲಮನೆ ಕಾಯಲು ನಾಯಿ ಬೇಕು. ಕುರಿಹಿಂಡಿನೊಡನೆ ಊರೂರು ಅಲೆಯುವ ಕುರುಬರಿಗೆ ನಾಯಿಯೇ ರಾತ್ರಿಯ ಕಾವಲುಗಾರ. ಇಚಲಕರಂಜಿಯಲ್ಲಿ ರಾತ್ರಿಪಾಳಿ ಮುಗಿಸಿ ಮಗ್ಗದ ಕಾರಖಾನೆಯಿಂದ ಮನೆಗೆ ನಡೆಯುವವರಿಗೆ ಬೀದಿನಾಯಿಗಳ ಪರಿಚಯ ಚೆನ್ನಾಗಿಯೇ ಉಂಟು. ಕೊಲ್ಹಾಪುರದಂಥ ಶಹರದಲ್ಲಿ ಮನೆಯೊಳಗೆ ನಾಯಿ, ಬೆಕ್ಕು ಸಾಕುವವರು ಅನೇಕರು. ದನಕರುಗಳ ಜೊತೆಗೆ ಇವೂ ಈಗ ಪಶುವೈದ್ಯರ ಬಳಿಗೆ ಬರುತ್ತವೆ. ನಾಯಿ ಮನುಷ್ಯನ ಹಳೆಯ ಗೆಳೆಯ. ಆದರೆ ಈ ಗೆಳೆತನದ ನಡುವೆ ಒಂದು ಭಯಂಕರ ರೋಗವೂ ಹೊಂಚುಹಾಕಿ ಕುಳಿತಿದೆ. ಅದೇ ಹುಚ್ಚುನಾಯಿ ರೋಗ, ಅಥವಾ ರೇಬೀಸ್. ಆ ರೋಗದ ಎದುರು ಮನುಷ್ಯನ ಕೈಗೆ ಮೊದಲ ಬಾರಿ ಆಯುಧ ಕೊಟ್ಟವನು ಫ್ರಾನ್ಸ್ ದೇಶದ ವಿಜ್ಞಾನಿ ಲೂಯಿ ಪಾಶ್ಚರ್. ಅವನ ಜೀವನವನ್ನು ನಮ್ಮ ವಿದ್ಯಾರ್ಥಿಗಳೂ ಪಾಲಕರೂ ತಿಳಿದಿರಬೇಕೆಂದು ಅದನ್ನು ಇಲ್ಲಿ ಸಂಗ್ರಹವಾಗಿ ಹೇಳುತ್ತೇವೆ.

ಪಾಶ್ಚರನು 1822ರ ಡಿಸೆಂಬರ್ 27ರಂದು ಫ್ರಾನ್ಸಿನ ಪೂರ್ವಭಾಗದ ದೋಲ್ ಎಂಬ ಊರಲ್ಲಿ ಹುಟ್ಟಿದನು. ತಂದೆ ತೊಗಲು ಹದಮಾಡುವ ಕೆಲಸಗಾರ. ಮೊದಲು ನೆಪೋಲಿಯನ್ನನ ಸೈನ್ಯದಲ್ಲಿ ಸಿಪಾಯಿಯಾಗಿದ್ದವನು. ಮುಂದೆ ಈ ಕುಟುಂಬ ಆರ್ಬ್ವಾ ಎಂಬ ಚಿಕ್ಕ ಊರಿಗೆ ಬಂದು ನೆಲೆಸಿತು. ಬಾಲಕನು ಶಾಲೆಯಲ್ಲಿ ಮೊದಮೊದಲು ಅಂಥ ಜಾಣನೇನೂ ಆಗಿರಲಿಲ್ಲ. ಅವನಿಗೆ ಚಿತ್ರ ಬಿಡಿಸುವುದರಲ್ಲಿ ಹೆಚ್ಚಿನ ಆಸಕ್ತಿ. ಅವನು ಬರೆದ ತಾಯಿ ತಂದೆಯರ ಚಿತ್ರಗಳು ಇಂದಿಗೂ ಉಳಿದಿವೆ.

ಅವನಿಗೆ ಎಂಟು ವರ್ಷ ತುಂಬಿದ್ದಾಗ, 1831ರಲ್ಲಿ, ಆರ್ಬ್ವಾದ ಸುತ್ತಲಿನ ಹಳ್ಳಿಗಳಿಗೆ ಹುಚ್ಚು ಹಿಡಿದ ತೋಳವೊಂದು ನುಗ್ಗಿ ಅನೇಕ ಜನರನ್ನು ಕಚ್ಚಿತು. ಆಗ ಇದ್ದ ಚಿಕಿತ್ಸೆ ಒಂದೇ. ಕಚ್ಚಿಸಿಕೊಂಡವರನ್ನು ಕಮ್ಮಾರನ ಕುಲುಮೆಗೆ ಒಯ್ದು, ಕೆಂಪಗೆ ಕಾಯ್ದ ಕಬ್ಬಿಣದಿಂದ ಗಾಯವನ್ನು ಸುಡುವುದು! ಹಾಗೆ ಸುಡಿಸಿಕೊಂಡವರ ಆಕ್ರಂದನ ಆ ಬಾಲಕನ ಕಿವಿಗೆ ಬಿತ್ತು. ಅಷ್ಟು ಯಾತನೆ ಸಹಿಸಿದ ಮೇಲೂ ಅವರಲ್ಲಿ ಹಲವರು ಬದುಕಲಿಲ್ಲ. ಅವನು ಅರುವತ್ತರ ಗಡಿ ಮುಟ್ಟುವ ಹೊತ್ತಿನಲ್ಲಿ ಇದೇ ರೋಗವನ್ನು ಕೈಗೆತ್ತಿಕೊಂಡುದನ್ನು ನೋಡಿದರೆ, ಬಾಲ್ಯದ ಆ ಕೂಗು ಅವನ ಮನಸ್ಸಿನಿಂದ ಅಳಿದಿರಲಿಲ್ಲವೆಂದು ಊಹಿಸಬಹುದು.

ಪಾಶ್ಚರನ ವಿದ್ಯಾಭ್ಯಾಸದ ಎರಡು ಸಂಗತಿಗಳನ್ನು ನಮ್ಮ ವಿದ್ಯಾರ್ಥಿಗಳು ಗಮನಿಸಬೇಕು. ಮುಂದೆ ಜಗತ್ತಿನ ಶ್ರೇಷ್ಠ ರಸಾಯನಶಾಸ್ತ್ರಜ್ಞರಲ್ಲಿ ಒಬ್ಬನಾದ ಇವನಿಗೆ 1842ರ ಪದವಿ ಪರೀಕ್ಷೆಯಲ್ಲಿ ರಸಾಯನಶಾಸ್ತ್ರದಲ್ಲಿ ದೊರೆತುದು ಸಾಧಾರಣ ದರ್ಜೆ ಮಾತ್ರ. ಅದೇ ವರ್ಷ ಪ್ಯಾರಿಸ್ಸಿನ ಪ್ರಸಿದ್ಧ ವಿದ್ಯಾಲಯವೊಂದರ ಪ್ರವೇಶ ಪರೀಕ್ಷೆಯಲ್ಲಿ ತೇರ್ಗಡೆಯಾದರೂ ತನ್ನ ಸ್ಥಾನ ಕೆಳಗಿದ್ದುದರಿಂದ ಅವನಿಗೆ ಸಮಾಧಾನವಾಗಲಿಲ್ಲ. ಸಿಕ್ಕ ಪ್ರವೇಶವನ್ನು ಬಿಟ್ಟು, ಇನ್ನೊಂದು ವರ್ಷ ಓದಿ, ಮತ್ತೆ ಪರೀಕ್ಷೆಗೆ ಕುಳಿತು ನಾಲ್ಕನೆಯವನಾಗಿ ಒಳಗೆ ಹೋದನು. ಕೆಲಸ ಅರೆಮರೆಯಾಗಬಾರದೆಂಬ ಈ ಹಟವೇ ಅವನ ಮುಂದಿನ ಬಾಳಿನ ಗುಟ್ಟು.

ಅವನ ಮೊದಲ ಸಂಶೋಧನೆಗಳು ಹರಳುಗಳನ್ನು ಕುರಿತವು. ಆಮೇಲೆ ದ್ರಾಕ್ಷಾರಸ ಮತ್ತು ಹಾಲು ಏಕೆ ಹುಳಿಯಾಗುತ್ತವೆ ಎಂಬುದನ್ನು ಪರೀಕ್ಷಿಸಿ, ಅದಕ್ಕೆ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳೇ ಕಾರಣವೆಂದು ತೋರಿಸಿದನು. ದ್ರಾಕ್ಷಾರಸವನ್ನು ಹದವಾಗಿ ಕಾಯಿಸಿ ಕೆಡದಂತೆ ಇಡುವ ಅವನ ವಿಧಾನವನ್ನೇ ಇಂದು ಡೇರಿಗಳಲ್ಲಿ ಹಾಲಿಗೆ ಬಳಸುತ್ತಾರೆ. ಪ್ಯಾಕೆಟ್ಟಿನ ಮೇಲೆ ಅಚ್ಚಾಗುವ ಪಾಶ್ಚರೀಕರಣ ಎಂಬ ಮಾತು ಅವನ ಹೆಸರಿನಿಂದ ಬಂದದ್ದು. 1865ರಿಂದ ಐದಾರು ವರ್ಷ ರೇಷ್ಮೆ ಹುಳುಗಳ ರೋಗವನ್ನು ಅಭ್ಯಸಿಸಿ, ರೋಗವಿಲ್ಲದ ಮೊಟ್ಟೆಗಳನ್ನು ಸೂಕ್ಷ್ಮದರ್ಶಕದಿಂದ ಆರಿಸುವ ಕ್ರಮವನ್ನು ಕಲಿಸಿದನು.

ಈ ವರ್ಷಗಳಲ್ಲಿ ಅವನ ಸಂಸಾರದ ಮೇಲೆ ಬಂದೆರಗಿದ ದುಃಖ ಸಾಮಾನ್ಯವಾದುದಲ್ಲ. ಐದು ಮಕ್ಕಳಲ್ಲಿ ಮೂವರು ಹೆಣ್ಣುಮಕ್ಕಳು 1859, 1865 ಮತ್ತು 1866ರಲ್ಲಿ ತೀರಿಕೊಂಡರು. 1868ರಲ್ಲಿ ಪಾರ್ಶ್ವವಾಯು ಬಡಿದು ಅವನ ಎಡಭಾಗದ ಶಕ್ತಿ ಉಡುಗಿತು. ಆಗ ಅವನಿಗೆ 45 ವರ್ಷ. ಬೇರೆಯವರಾಗಿದ್ದರೆ ಹಾಸಿಗೆ ಹಿಡಿಯುತ್ತಿದ್ದರು. ಅವನು ಮಾತ್ರ ಕುಂಟುತ್ತಲೇ ಪ್ರಯೋಗಶಾಲೆಗೆ ಮರಳಿದನು. ನಾವು ಈಗ ಹೇಳಲಿರುವ ದೊಡ್ಡ ಕೆಲಸಗಳನ್ನೆಲ್ಲ ಅವನು ಮಾಡಿದ್ದು ಇದರ ನಂತರವೇ.

ಆ ಕೆಲಸಗಳು ಆರಂಭವಾದದ್ದು ಪ್ರಾಣಿಗಳಿಂದ. 1879ರಲ್ಲಿ ಕೋಳಿಗಳ ಕಾಲರಾ ರೋಗವನ್ನು ಅಭ್ಯಸಿಸುವಾಗ, ಹಳೆಯದಾಗಿ ಬಲಗುಂದಿದ ರೋಗಾಣುವನ್ನು ಚುಚ್ಚಿದ ಕೋಳಿಗಳು ಮುಂದೆ ಬಲವಾದ ರೋಗಾಣುವನ್ನೂ ತಡೆದುಕೊಳ್ಳುತ್ತವೆಂದು ತಿಳಿದುಬಂದಿತು. ಇದಾದ ಮೇಲೆ ಕುರಿ, ದನಗಳನ್ನು ಕೊಲ್ಲುವ ನೆರಡಿ ರೋಗದ, ಅಂದರೆ ಆಂಥ್ರಾಕ್ಸಿನ ಸರದಿ. ರೊಸಿನ್ಯೋಲ್ ಎಂಬ ಪಶುವೈದ್ಯನು ಎಲ್ಲರೆದುರಿಗೆ ಪರೀಕ್ಷೆ ನಡೆಯಲೆಂದು ಸವಾಲು ಹಾಕಿದನು. 1881ರ ಮೇ ತಿಂಗಳಲ್ಲಿ ಪುಯೀ-ಲ-ಫೋರ್ ಎಂಬ ಹಳ್ಳಿಯ ಹೊಲದಲ್ಲಿ 25 ಕುರಿಗಳಿಗೆ ಎರಡು ಸಲ ಲಸಿಕೆ ಹಾಕಿ, ಇನ್ನು 25ಕ್ಕೆ ಹಾಕದೆ, ಮೇ 31ರಂದು ಎಲ್ಲಕ್ಕೂ ರೋಗಾಣು ಚುಚ್ಚಲಾಯಿತು. ಜೂನ್ 2ರಂದು ಜನ ನೆರೆದು ನೋಡುತ್ತಾರೆ: ಲಸಿಕೆ ಹಾಕಿಸಿಕೊಂಡ ಕುರಿಗಳು ಮೇಯುತ್ತಿವೆ, ಉಳಿದವು ಸತ್ತು ಬಿದ್ದಿವೆ, ಇಲ್ಲವೆ ಸಾಯುತ್ತಿವೆ. ಕುರಿ ಸಾಕಿದವರಿಗೆ ಇದಕ್ಕಿಂತ ದೊಡ್ಡ ಪುರಾವೆ ಬೇಕೆ?

ಇಂಗ್ಲೆಂಡಿನ ಎಡ್ವರ್ಡ್ ಜೆನ್ನರನು 1796ರಲ್ಲಿ ಆಕಳ ಸಿಡುಬಿನಿಂದ ಮನುಷ್ಯರ ಸಿಡುಬನ್ನು ತಡೆಯುವ ಉಪಾಯವನ್ನು ತೋರಿಸಿದ್ದನು. ವ್ಯಾಕ್ಸಿನ್ ಎಂಬ ಮಾತು ಆಕಳು ಎಂಬರ್ಥದ ಲ್ಯಾಟಿನ್ ಶಬ್ದದಿಂದ ಬಂದುದು. ಜೆನ್ನರನ ಗೌರವಾರ್ಥವಾಗಿ ಎಲ್ಲ ರೋಗಗಳ ಲಸಿಕೆಗೂ ಅದೇ ಹೆಸರಿರಲೆಂದು ಪಾಶ್ಚರನು 1881ರಲ್ಲಿ ಸೂಚಿಸಿದನು. ಬೆಳಗಾವಿಯ ಟಿಳಕವಾಡಿಯಲ್ಲಿರುವ ವ್ಯಾಕ್ಸಿನ್ ಡಿಪೋ ಎಂಬ ಸ್ಥಳವನ್ನು ನಮ್ಮಲ್ಲಿ ಹಲವರು ನೋಡಿದ್ದೇವೆ. ಆ ಹೆಸರಿನಲ್ಲಿ ಜೆನ್ನರನ ಆಕಳೂ ಪಾಶ್ಚರನ ಕೃತಜ್ಞತೆಯೂ ಅಡಗಿವೆಯೆಂದು ಇನ್ನು ಮುಂದೆ ನೆನೆಯಬಹುದು.

ಈಗ ಹುಚ್ಚುನಾಯಿ ರೋಗದ ಮಾತಿಗೆ ಬರೋಣ. ಇದರಲ್ಲಿ ಪಾಶ್ಚರನಿಗೆ ದಾರಿ ತೋರಿದವರಲ್ಲಿ ಪಶುವೈದ್ಯರೇ ಮುಖ್ಯರು. ಲಿಯಾನ್ ನಗರದ ಪಶುವೈದ್ಯ ಶಾಲೆಯ ಗಾಲ್ತಿಯೇ ಎಂಬ ಅಧ್ಯಾಪಕನು 1879ರಲ್ಲಿ, ಈ ರೋಗವನ್ನು ನಾಯಿಯಿಂದ ಮೊಲಕ್ಕೆ ಅಂಟಿಸಬಹುದೆಂದು ತೋರಿಸಿದ್ದನು. ಇದರಿಂದ ಅಪಾಯಕಾರಿಯಾದ ನಾಯಿಯ ಬದಲು ಸಾಧುವಾದ ಮೊಲದಲ್ಲಿ ರೋಗವನ್ನು ಅಭ್ಯಸಿಸಲು ಅನುಕೂಲವಾಯಿತು. 1880ರಲ್ಲಿ ಬುರೆಲ್ ಎಂಬ ಇನ್ನೊಬ್ಬ ಪಶುವೈದ್ಯನು ಎರಡು ಹುಚ್ಚುನಾಯಿಗಳನ್ನು ಪಾಶ್ಚರನಿಗೆ ಒದಗಿಸಿದನು. ಒಂದು ಕಂಡಕಂಡದ್ದನ್ನು ಕಚ್ಚುವ ರೌದ್ರ ರೂಪದ ರೋಗದ್ದು. ಮತ್ತೊಂದು ಕೆಳದವಡೆ ಜೋತುಬಿದ್ದು ಮೂಕವಾಗಿ ಕುಳಿತ ರೂಪದ್ದು. ಹುಚ್ಚುನಾಯಿ ಎಂದರೆ ಯಾವಾಗಲೂ ಓಡಾಡಿ ಕಚ್ಚುತ್ತದೆಂದು ನಾವು ತಿಳಿಯುತ್ತೇವೆ. ಸುಮ್ಮನೆ ಮೂಲೆಯಲ್ಲಿ ಜೊಲ್ಲು ಸುರಿಸುತ್ತ ಬಿದ್ದ ನಾಯಿಗೂ ಅದೇ ರೋಗವಿರಬಹುದು.

ರೋಗಾಣು ನಾಯಿಯ ಜೊಲ್ಲಿನಲ್ಲಿ ಇರುತ್ತದೆಂದು ಆಗಲೇ ಗೊತ್ತಿತ್ತು. ಸಹಾಯಕರು ಬಿಗಿಹಿಡಿದ ಹುಚ್ಚುನಾಯಿಯ ಬಾಯಿಂದ ಪಾಶ್ಚರನು ಗಾಜಿನ ನಳಿಗೆಯನ್ನು ತನ್ನ ತುಟಿಗಿಟ್ಟುಕೊಂಡು ಜೊಲ್ಲನ್ನು ಎಳೆದನೆಂದು ಅವನ ಚರಿತ್ರಕಾರರು ಬರೆದಿದ್ದಾರೆ. ಆದರೆ ಜೊಲ್ಲನ್ನು ಚುಚ್ಚಿದರೆ ರೋಗ ಬರುವುದು ನಿಶ್ಚಯವಿರಲಿಲ್ಲ. ಬಂದರೂ ತಿಂಗಳುಗಟ್ಟಲೆ ಕಾಯಬೇಕಿತ್ತು. ರೋಗದ ಲಕ್ಷಣಗಳೆಲ್ಲ ಮಿದುಳಿಗೆ ಸಂಬಂಧಿಸಿದವಾದ್ದರಿಂದ ರೋಗಾಣುವಿನ ಮನೆ ಅಲ್ಲಿಯೇ ಇರಬೇಕೆಂದು ಅವನೂ ಅವನ ಸಹಾಯಕ ಎಮಿಲ್ ರೂ ಎಂಬವನೂ ತರ್ಕಿಸಿದರು. ರೋಗಿಷ್ಟ ಪ್ರಾಣಿಯ ಮಿದುಳಿನ ಅಂಶವನ್ನು ಇನ್ನೊಂದು ನಾಯಿಯ ಮಿದುಳಿನ ಮೇಲೆ ಇಟ್ಟಾಗ ಎರಡು ವಾರದಲ್ಲಿ ರೋಗ ಕಾಣಿಸಿತು. ಈ ಶಸ್ತ್ರಕ್ರಿಯೆಯನ್ನು ನೋಡಲು ಪಾಶ್ಚರನಿಗೆ ಮನಸ್ಸು ಬರಲಿಲ್ಲವಂತೆ. ನಾಯಿಗೆ ನೋವಾಗುವುದೆಂದು ಅವನು ಹಿಂಜರಿದುದರಿಂದ, ಅವನಿಲ್ಲದಾಗ ರೂ ಅದನ್ನು ಅರಿವಳಿಕೆ ಕೊಟ್ಟು ಮಾಡಿ, ಮರುದಿನ ಎಂದಿನಂತೆ ಓಡಾಡುವ ನಾಯಿಯನ್ನು ತೋರಿಸಿ ಗುರುವನ್ನು ಸಮಾಧಾನಪಡಿಸಿದನು.

ರೋಗಾಣುವನ್ನು ಬಲಗುಂದಿಸುವುದು ಹೇಗೆ? ಅದು ಅವರಿಗೆ ಕಣ್ಣಿಗೇ ಬಿದ್ದಿರಲಿಲ್ಲ. ಅದು ವೈರಸ್, ಅಂದಿನ ಸೂಕ್ಷ್ಮದರ್ಶಕಕ್ಕೆ ನಿಲುಕುವಂಥದಲ್ಲ. ಕಾಣದ ವೈರಿಯನ್ನು ಪಳಗಿಸಿದ ರೀತಿ ಇದು: ರೋಗದಿಂದ ಸತ್ತ ಮೊಲದ ಬೆನ್ನುಹುರಿಯನ್ನು ಒಣಗಾಳಿ ತುಂಬಿದ ಗಾಜಿನ ಪಾತ್ರೆಯಲ್ಲಿ ತೂಗುಹಾಕಿದರು. ದಿನ ಕಳೆದಂತೆ ಅದರ ವಿಷ ಇಳಿಯುತ್ತ ಹೋಗಿ ಸುಮಾರು 14 ದಿನಕ್ಕೆ ನಿರಪಾಯವಾಯಿತು. ಹೀಗೆ ಹೆಚ್ಚು ಒಣಗಿದ ಹುರಿಯಿಂದ ಆರಂಭಿಸಿ ದಿನದಿನಕ್ಕೆ ತಾಜಾ ಹುರಿಯ ಕಡೆಗೆ ಬರುತ್ತ ಚುಚ್ಚಿದರೆ ನಾಯಿಗೆ ರೋಗ ತಗಲುತ್ತಿರಲಿಲ್ಲ. 1884ರಲ್ಲಿ ಸರಕಾರದ ಸಮಿತಿಯೊಂದು ನಾಯಿಗಳ ಮೇಲಿನ ಈ ಪರೀಕ್ಷೆಯನ್ನು ನೋಡಿ ಒಪ್ಪಿತು. ಗಮನಿಸಿ, ಅವನ ಮೊದಲ ಯೋಚನೆಯಿದ್ದದ್ದು ನಾಯಿಗಳಿಗೆ ಲಸಿಕೆ ಹಾಕುವುದು. ನಾಯಿಗೆ ರೋಗವಿಲ್ಲದಿದ್ದರೆ ಮನುಷ್ಯನಿಗೆ ಎಲ್ಲಿಂದ ಬರಬೇಕು?

ಆದರೆ 1885ರ ಜುಲೈ 6ರಂದು ಅವನ ಬಾಗಿಲಿಗೆ ಒಬ್ಬ ತಾಯಿ ಬಂದು ನಿಂತಳು. ಅವಳ ಕೈಹಿಡಿದು ಬಂದವನು ಒಂಬತ್ತು ವರ್ಷದ ಜೋಸೆಫ್ ಮೈಸ್ಟರ್. ಎರಡು ದಿನದ ಹಿಂದೆ ಹುಚ್ಚುನಾಯಿ ಅವನನ್ನು 14 ಕಡೆ ಕಚ್ಚಿತ್ತು. ಆ ನಾಯಿಯ ಒಡೆಯನೂ ಜೊತೆಗೆ ಬಂದಿದ್ದನು. ಅವನನ್ನು ಪರೀಕ್ಷಿಸಿ, ನಾಯಿಯ ಹಲ್ಲು ಅಂಗಿಯನ್ನು ದಾಟಿ ಚರ್ಮಕ್ಕೆ ತಾಗಿಲ್ಲವೆಂದು ಕಂಡು ಮನೆಗೆ ಕಳುಹಿಸಿದರು. ಹುಡುಗನ ಗತಿ ಏನು? ಮದ್ದು ಕೊಡದಿದ್ದರೆ ಸಾವು ಬಹುತೇಕ ನಿಶ್ಚಿತ. ಕೊಟ್ಟು ಸತ್ತರೆ ಕೊಂದ ಅಪವಾದ. ಪಾಶ್ಚರನು ವೈದ್ಯನಲ್ಲ, ರಸಾಯನಶಾಸ್ತ್ರಜ್ಞ; ಸೂಜಿ ಚುಚ್ಚುವ ಅಧಿಕಾರವೂ ಅವನಿಗಿರಲಿಲ್ಲ. ವುಲ್ಪಿಯಾನ್ ಮತ್ತು ಗ್ರಾಂಶೇ ಎಂಬ ಇಬ್ಬರು ವೈದ್ಯರನ್ನು ಕೇಳಿದನು. ಅವರು ಚಿಕಿತ್ಸೆ ಕೊಡಬೇಕೆಂದರು. ಅಂದು ಸಂಜೆಯೇ ಗ್ರಾಂಶೇ ಮೊದಲ ಸೂಜಿ ಹಾಕಿದನು. ಹತ್ತು ದಿನಗಳಲ್ಲಿ 13 ಸೂಜಿಗಳು. ಕೊನೆಯದು ಪೂರ್ಣ ವಿಷವುಳ್ಳ ತಾಜಾ ಹುರಿಯದು. ಆ ರಾತ್ರಿಗಳಲ್ಲಿ ಪಾಶ್ಚರನಿಗೆ ನಿದ್ದೆ ಹತ್ತಲಿಲ್ಲ. ಹುಡುಗ ಬದುಕಿದನು. ಮುಂದೆ ದೊಡ್ಡವನಾಗಿ ಪಾಶ್ಚರ್ ಸಂಸ್ಥೆಯಲ್ಲಿಯೇ ಕಾವಲುಗಾರನಾಗಿ ದುಡಿದನು.

ಇಲ್ಲಿ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಪಾಶ್ಚರನ ಪ್ರಯೋಗದ ಪುಸ್ತಕಗಳು ಬಹುಕಾಲ ಅವನ ಮನೆತನದವರಲ್ಲಿದ್ದು, ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ವಿದ್ವಾಂಸರ ಕೈಗೆ ಬಂದವು. ಮೈಸ್ಟರನಿಗೆ ಕೊಟ್ಟ ಕ್ರಮದ ಪರೀಕ್ಷೆ ನಾಯಿಗಳ ಮೇಲೆ ಆ ಹೊತ್ತಿಗೆ ಇನ್ನೂ ಪೂರ್ತಿಯಾಗಿರಲಿಲ್ಲವೆಂದು ಅವುಗಳಿಂದ ತಿಳಿಯುತ್ತದೆ. ಅವನು ಮಾಡಿದ್ದು ಸರಿಯೇ ಎಂದು ತಿಳಿದವರು ಇಂದಿಗೂ ಚರ್ಚಿಸುತ್ತಾರೆ. ಮಹಾಪುರುಷರೂ ಸಂಶಯದ ಕತ್ತಲಲ್ಲಿಯೇ ಹೆಜ್ಜೆಯಿಟ್ಟರೆಂಬುದನ್ನು ನಾವು ಇದರಿಂದ ಅರಿಯಬೇಕು.

ಅದೇ ವರ್ಷದ ಅಕ್ಟೋಬರದಲ್ಲಿ ಜ್ಯುಪೀಯ್ ಎಂಬ ಹದಿನೈದರ ಕುರಿಕಾಯುವ ಹುಡುಗನು ಬಂದನು. ತನ್ನ ಜೊತೆಗಿದ್ದ ಚಿಕ್ಕ ಹುಡುಗರ ಮೇಲೆ ಹುಚ್ಚುನಾಯಿ ನುಗ್ಗಿದಾಗ ಓಡಿಹೋಗದೆ, ಅದರೊಡನೆ ಸೆಣಸಿ, ಚಾಟಿಯಿಂದ ಅದರ ಬಾಯಿ ಬಿಗಿದ ಧೀರ ಅವನು. ಅವನೂ ಬದುಕಿದನು. ನಾಯಿಯೊಡನೆ ಸೆಣಸುವ ಅವನ ಪ್ರತಿಮೆ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿದೆ.

ಆದರೆ ನವೆಂಬರದಲ್ಲಿ ಬಂದ ಹತ್ತು ವರ್ಷದ ಲೂಯಿಸ್ ಪೆಲತಿಯೇ ಎಂಬ ಬಾಲಕಿ ಬದುಕಲಿಲ್ಲ. ಅವಳ ತಲೆಗೆ ಆಳವಾದ ಗಾಯವಾಗಿತ್ತು. ಅವಳನ್ನು ಕರೆತಂದದ್ದು ಕಚ್ಚಿದ 37 ದಿನಗಳ ಮೇಲೆ! ಕಾಲ ಮೀರಿದೆಯೆಂದು ಪಾಶ್ಚರನಿಗೆ ಗೊತ್ತಿತ್ತು. ಅವಳು ತೀರಿಕೊಂಡರೆ ತನ್ನ ಲಸಿಕೆಗೆ ಕೆಟ್ಟ ಹೆಸರು ಬಂದು, ಬೇರೆಯವರು ಬರಲು ಹೆದರಬಹುದೆಂದೂ ಗೊತ್ತಿತ್ತು. ಆದರೂ ತಂದೆತಾಯಿಗಳ ಮುಖ ನೋಡಿ ಇಲ್ಲವೆನ್ನಲಾಗಲಿಲ್ಲ. ಮಗು ಸಾಯುವಾಗ ಅವನು ಹಾಸಿಗೆಯ ಬಳಿಯಲ್ಲಿದ್ದನು. 1886ರ ಮಾರ್ಚ್ ಒಂದರಂದು ಅವನು ವಿದ್ವತ್ಸಭೆಗೆ ಲೆಕ್ಕ ಒಪ್ಪಿಸಿದಾಗ, ಚಿಕಿತ್ಸೆ ಪಡೆದ 350 ಜನರಲ್ಲಿ ಸತ್ತವಳು ಅವಳೊಬ್ಬಳೇ. ಮೈಸ್ಟರನಿಗೂ ಪೆಲತಿಯೇಗೂ ಇದ್ದ ದೊಡ್ಡ ಅಂತರ ಎರಡು ದಿನ ಮತ್ತು 37 ದಿನ. ನಮ್ಮ ಪಾಲಕರು ಈ ಎರಡು ಅಂಕಿಗಳನ್ನು ಮರೆಯಬಾರದು.

ಕಾರಣ ಇಷ್ಟೇ. ಕಚ್ಚಿದ ಕೂಡಲೆ ರೋಗ ಬರುವುದಿಲ್ಲ. ವೈರಸ್ಸು ಗಾಯದಿಂದ ನರದ ದಾರಿ ಹಿಡಿದು ನಿಧಾನವಾಗಿ ಮಿದುಳಿನತ್ತ ಸಾಗುತ್ತದೆ. ಇದಕ್ಕೆ ಸಾಮಾನ್ಯವಾಗಿ ಕೆಲವು ವಾರ, ಒಮ್ಮೊಮ್ಮೆ ತಿಂಗಳುಗಳು ಬೇಕು. ಮುಖ, ತಲೆ, ಕತ್ತಿಗೆ ಕಚ್ಚಿದರೆ ದಾರಿ ಸಣ್ಣದು. ಮಕ್ಕಳು ಗಿಡ್ಡವಾದ್ದರಿಂದ ಅವರಿಗೆ ಇಂಥ ಗಾಯಗಳು ಹೆಚ್ಚು. ವೈರಸ್ಸು ಮಿದುಳು ಮುಟ್ಟುವ ಮುಂಚೆ ಲಸಿಕೆ ದೇಹವನ್ನು ಸಜ್ಜುಗೊಳಿಸಬೇಕು. ನೀರು ಕಂಡರೆ ಬೆಚ್ಚುವ ಲಕ್ಷಣ ಕಾಣಿಸಿಕೊಂಡ ಮೇಲೆ ಇಂದಿನ ವೈದ್ಯಶಾಸ್ತ್ರವೂ ಕೈಚೆಲ್ಲುತ್ತದೆ. ಬದುಕಿ ಉಳಿದವರು ಎಲ್ಲೋ ಬೆರಳೆಣಿಕೆಯಷ್ಟು.

ಜಗತ್ತಿನ ಮೂಲೆಮೂಲೆಯಿಂದ ಬಂದ ವಂತಿಗೆಯಿಂದ ಪ್ಯಾರಿಸ್ಸಿನಲ್ಲಿ ಪಾಶ್ಚರ್ ಸಂಸ್ಥೆ ಕಟ್ಟಲ್ಪಟ್ಟು 1888ರ ನವೆಂಬರ್ 14ರಂದು ತೆರೆಯಿತು. 1895ರ ಸೆಪ್ಟೆಂಬರ್ 28ರಂದು ಪಾಶ್ಚರನು ತೀರಿಕೊಂಡನು. ಅವನ ಸಮಾಧಿ ಆ ಸಂಸ್ಥೆಯಲ್ಲಿಯೇ ಇದೆ. ಅವನ ಪುಣ್ಯತಿಥಿಯನ್ನೇ ವಿಶ್ವ ರೇಬೀಸ್ ದಿನವೆಂದು ಆಚರಿಸುತ್ತಾರೆ.

ನಮ್ಮ ದೇಶದ ಮೊದಲ ಪಾಶ್ಚರ್ ಸಂಸ್ಥೆ 1900ರಲ್ಲಿ ಕಸೌಲಿಯಲ್ಲಿ, ದಕ್ಷಿಣದ್ದು 1907ರಲ್ಲಿ ನೀಲಗಿರಿಯ ಕುನ್ನೂರಿನಲ್ಲಿ ಆರಂಭವಾದವು. ಕಸೌಲಿಯ ಡೇವಿಡ್ ಸೆಂಪಲ್ 1911ರಲ್ಲಿ ಕುರಿಯ ಮಿದುಳಿನಿಂದ ಲಸಿಕೆ ತಯಾರಿಸುವ ಕ್ರಮವನ್ನು ರೂಪಿಸಿದನು. ಹೊಟ್ಟೆಗೆ 14 ಸೂಜಿ ಎಂದು ನಮ್ಮ ಹಿರಿಯರು ಹೆದರಿಸುತ್ತಿದ್ದುದು ಅದನ್ನೇ. ಆ ಲಸಿಕೆಯ ಬಳಕೆ 2005ರ ಹೊತ್ತಿಗೆ ನಮ್ಮ ದೇಶದಲ್ಲಿ ನಿಂತಿತು. ಈಗಿನ ಲಸಿಕೆಯನ್ನು ತೋಳಿಗೆ ಕೊಡುತ್ತಾರೆ. ಸ್ನಾಯುವಿಗೆ ಕೊಡುವುದಾದರೆ ಮೊದಲ ದಿನ, ಆಮೇಲೆ 3, 7, 14 ಮತ್ತು 28ನೆಯ ದಿನ. ಚರ್ಮದೊಳಗೆ ಕೊಡುವುದಾದರೆ 14ನೆಯ ದಿನದ್ದಿಲ್ಲ. ಹೊಟ್ಟೆಸೂಜಿಯ ಹೆದರಿಕೆಗೆ ಈಗ ಕಾರಣವೇ ಉಳಿದಿಲ್ಲ.

ಪಾಶ್ಚರನ ಜೀವನವನ್ನು ಓದಿ ನಾವು ಮಾಡಬೇಕಾದುದೇನು? ಮೊದಲನೆಯದು, ನಾಯಿ, ಬೆಕ್ಕು, ಮಂಗ ಯಾವುದೇ ಕಚ್ಚಲಿ, ಪರಚಲಿ, ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ಈ ಸಾದಾ ಕೆಲಸದಿಂದಲೇ ಬಹಳಷ್ಟು ವೈರಸ್ಸು ನಾಶವಾಗುತ್ತದೆ. ಖಾರಪುಡಿ, ಸುಣ್ಣ, ಅರಿಶಿನ, ಎಣ್ಣೆ ಹಚ್ಚಬಾರದು. ಅದು ಕಮ್ಮಾರನ ಕಾಯ್ದ ಕಬ್ಬಿಣದ ತಮ್ಮನಷ್ಟೇ. ಎರಡನೆಯದು, ಅಂದೇ ದವಾಖಾನೆಗೆ ಹೋಗಬೇಕು. ರಕ್ತ ಬಂದ ಗಾಯಕ್ಕೆ ಲಸಿಕೆಯ ಜೊತೆಗೆ, ಗಾಯದ ಸುತ್ತ ಚುಚ್ಚುವ ಇಮ್ಯುನೋಗ್ಲೋಬ್ಯುಲಿನ್ ಎಂಬ ಮದ್ದೂ ಬೇಕು. ಕಚ್ಚಿದ ನಾಯಿಯನ್ನು ಹತ್ತು ದಿನ ಕಟ್ಟಿ ನೋಡಬೇಕೆಂಬ ಮಾತು ನಿಜ. ಆದರೆ ಆ ಹತ್ತು ದಿನ ಲಸಿಕೆಯನ್ನು ತಡೆಯಬಾರದು.

ಮೂರನೆಯದು, ಸಾಕಿದ ನಾಯಿ, ಬೆಕ್ಕುಗಳಿಗೆ ಮೂರು ತಿಂಗಳಾದ ಕೂಡಲೆ ಪಶುವೈದ್ಯರಿಂದ ಲಸಿಕೆ ಹಾಕಿಸಿ, ಅವರು ಹೇಳಿದ ದಿನಕ್ಕೆ ಮರಳಿ ಹಾಕಿಸಿ, ಚೀಟಿಯನ್ನು ಜೋಪಾನವಾಗಿ ಇಡಬೇಕು. ನಾಲ್ಕನೆಯದು, ಯಾವಾಗಲೂ ಶಾಂತವಾಗಿದ್ದ ನಾಯಿ ಒಮ್ಮೆಲೆ ಸ್ವಭಾವ ಬದಲಿಸಿದರೆ, ದನಿ ಒಡೆದರೆ, ದವಡೆ ಜೋತುಬಿದ್ದು ಜೊಲ್ಲು ಸುರಿಸಿದರೆ, ಗಂಟಲಲ್ಲಿ ಎಲುಬು ಸಿಕ್ಕಿದೆಯೆಂದು ಬಾಯಿಗೆ ಬರಿಗೈ ಹಾಕಬಾರದು. ಎಮ್ಮೆ, ಆಕಳುಗಳ ವಿಷಯದಲ್ಲೂ ಹೀಗೆಯೇ. ದೂರದಲ್ಲಿ ಕಟ್ಟಿ ಅಥವಾ ಕೂಡಿಹಾಕಿ ಪಶುವೈದ್ಯರಿಗೆ ತಿಳಿಸಬೇಕು. ದಿನವೂ ಇಂಥ ಪ್ರಾಣಿಗಳನ್ನು ಮುಟ್ಟುವ ಪಶುವೈದ್ಯರೂ ಅವರ ಸಹಾಯಕರೂ ಕಚ್ಚಿಸಿಕೊಳ್ಳುವ ಮೊದಲೇ ಲಸಿಕೆ ಹಾಕಿಸಿಕೊಂಡು, ಕೈಗವಸು ತೊಟ್ಟು, ಪ್ರಾಣಿಯ ಬಾಯಿಗೆ ಕುಕ್ಕೆ ಕಟ್ಟಿ ಕೆಲಸ ಮಾಡುತ್ತಾರೆ. ಪಾಶ್ಚರನ ಗಾಜಿನ ನಳಿಗೆಯ ಧೈರ್ಯ ಇಂದು ಯಾರಿಗೂ ಬೇಕಿಲ್ಲ.

ಕೊನೆಯದಾಗಿ ನಮ್ಮ ವಿದ್ಯಾರ್ಥಿಗಳಿಗೆ ಒಂದು ಮಾತು. ನಾಯಿ ಪರಚಿದ್ದನ್ನು ಮನೆಯಲ್ಲಿ ಹೇಳಿದರೆ ಬೈದಾರೆಂದು ಎಷ್ಟೋ ಮಕ್ಕಳು ಮುಚ್ಚಿಡುತ್ತಾರೆ. ಹಾಗೆ ಮಾಡಬೇಡಿರಿ. ಪಾಲಕರಲ್ಲಿಯೂ ನಮ್ಮ ವಿನಂತಿ: ಮಗು ಬಂದು ಹೇಳಿದಾಗ ಮೊದಲು ಬೈಯದೆ ನೀರಿನ ನಲ್ಲಿಯ ಬಳಿಗೆ ಕರೆದೊಯ್ಯಿರಿ. ಪಾಶ್ಚರನು ಬಾಳೆಲ್ಲ ಸವೆಸಿ ನಮಗೆ ಗಳಿಸಿಕೊಟ್ಟದ್ದು ಆ ಕೆಲವು ದಿನಗಳ ಅವಕಾಶ. ಅದನ್ನು ಕಳೆಯದೆ ಬಳಸುವುದೇ ನಾವು ಅವನಿಗೆ ಸಲ್ಲಿಸುವ ಗೌರವ.